ಐ.ಬಿ. ಮೇಟಿಯ ಮಗಳು ಓದಿದ ಇಶಿಗುರೊ

ಪುಸ್ತಕ ಕೊಳ್ಳುವವರಿಗೆ ಬೇಕಾದ ಮಾತು ಮೊದಲು ಹೇಳಿಬಿಡುತ್ತೇನೆ. ನೊಬೆಲ್ ಪಡೆದ ಇಂಗ್ಲಿಷ್ ಕಾದಂಬರಿಕಾರ ಕಜುವೊ ಇಶಿಗುರೊ ಅವರನ್ನು ಓದಬೇಕು ಅನ್ನೋ ಆಸೆ ಇದ್ದರೆ ‘ದ ರಿಮೇನ್ಸ್ ಆಫ್ ದ ಡೇ’ಯಿಂದ ಶುರು ಮಾಡಿ. ಫೇಬರ್ ಪ್ರಕಾಶನದ ಪೇಪರ್‌ಬ್ಯಾಕ್ ಸಿಗುತ್ತದೆ. ನಾನು ಕೊಟ್ಟದ್ದು 399 ರೂಪಾಯಿ. 250 ಪುಟದ ಆಸುಪಾಸು ಇದೆ. ಇಂಗ್ಲಿಷ್ ಕಷ್ಟ ಇಲ್ಲ, ಪಿಯುಸಿ ಇಂಗ್ಲಿಷ್ ಗಟ್ಟಿ ಇದ್ದವರು ನಿಧಾನವಾಗಿ ಓದಿ ಮುಗಿಸಬಹುದು. ಅಕ್ಷರ ಮಾತ್ರ ಸಣ್ಣದು. ಐವತ್ತು ದಾಟಿದವರಿಗೆ ಒಳ್ಳೆ ಬೆಳಕು ಬೇಕು. ಈ ಮಳೆಗಾಲದಲ್ಲಿ ನಾನು ಅವರ ಎಂಟೂ ಕಾದಂಬರಿ ಓದಿದೆ. ಅಷ್ಟಕ್ಕೂ ಸೇರಿ ಬರೆಯುತ್ತಿರುವ ವಿಮರ್ಶೆ ಇದು. ಸ್ವಲ್ಪ ಉದ್ದ ಆಗುತ್ತದೆ. ಯಾಕಂದರೆ ನಮ್ಮ ಅಪ್ಪಯ್ಯನ ಕತೆ ಬಿಟ್ಟು ಈ ಪುಸ್ತಕಗಳ ಬಗ್ಗೆ ಮಾತಾಡೋದು ನನಗೆ ಆಗುವುದಿಲ್ಲ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಇದೆ. ಮೇಗರವಳ್ಳಿ ದಾಟಿ ಒಳಗೆ ಹೋಗಬೇಕು. ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತೇನೆ. ಬೆಳೆ ಸಾಲ, ಗೊಬ್ಬರದ ಸ್ಟಾಕು, ಬಡ್ಡಿ, ಇವೇ ದಿನವಿಡೀ. ಇಂಗ್ಲಿಷ್ ಎಂ.ಎ.ಯನ್ನು ಕುವೆಂಪು ವಿಶ್ವವಿದ್ಯಾಲಯದಿಂದ ದೂರಶಿಕ್ಷಣದಲ್ಲಿ ಮಾಡಿಕೊಂಡೆ, ಓದುವ ಆಸೆಗೆ. ಕೊರಿಯರ್‌ನವರು ನಮ್ಮ ಮನೆ ತನಕ ಬರುವುದಿಲ್ಲ. ತೀರ್ಥಹಳ್ಳಿಯಲ್ಲಿ ಒಂದು ಅಂಗಡಿಗೆ ಕೊಟ್ಟು ಹೋಗುತ್ತಾರೆ. ಅಂಗಡಿಯವರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾರೆ. ಅವರು ನಮ್ಮ ಕ್ರಾಸಿನಲ್ಲಿ ಇಳಿಸುತ್ತಾರೆ. ಮೊದಲನೇ ಪ್ರತಿ ಹೀಗೆ ಕೈಗೆ ಬಂದಾಗ ಪೂರ್ತಿ ನೆನೆದಿತ್ತು. ಕಂಡಕ್ಟರ್ ತಪ್ಪಲ್ಲ, ಕಳಿಸಿದವರೇ ಬರೀ ರಟ್ಟಿನ ಪೊಟ್ಟಣದಲ್ಲಿ ಹಾಕಿದ್ದರು. ಪುಟಗಳು ಹುರಿದ ಹಪ್ಪಳದ ಹಾಗೆ ಸೊಟ್ಟ ಆಗಿದ್ದವು. ಫೋಟೋ ತೆಗೆದು ಕಳಿಸಿದೆ. ಒಂಬತ್ತನೇ ದಿನಕ್ಕೆ ಬೇರೆ ಪ್ರತಿ ಬಂತು, ಈ ಸಲ ಪ್ಲಾಸ್ಟಿಕ್ ಸುತ್ತಿ. ಮಲೆನಾಡಿನವರು ಮಳೆಗಾಲದಲ್ಲಿ ಆರ್ಡರ್ ಮಾಡಿದರೆ ಪ್ಲಾಸ್ಟಿಕ್ ಸುತ್ತಿ ಕಳಿಸಿ ಅಂತ ಮೊದಲೇ ಬರೆದುಬಿಡಿ.

ಇನ್ನು ಬೂಷ್ಟು. ಜೂನ್ ಬಂದರೆ ನಮ್ಮ ಕಡೆ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಪುಸ್ತಕ ಬಿಡುತ್ತದಾ? ನಾನು ಎಂಟೂ ಪುಸ್ತಕವನ್ನು ಅಮ್ಮನ ಕಬ್ಬಿಣದ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಇಟ್ಟೆ. ವಾರಕ್ಕೊಂದು ಸಲ ಹೊರಗೆ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ಒಲೆ ಹತ್ತಿರದ ಮಣೆ ಮೇಲೆ ಅರ್ಧ ಗಂಟೆ ಇಡುತ್ತಿದ್ದೆ. ಒಂದಕ್ಕೂ ಬೆನ್ನು ಬಿಟ್ಟಿಲ್ಲ, ಒಂದು ಹಾಳೆ ಉದುರಿಲ್ಲ. ಗೋಂದು ಗಟ್ಟಿ ಇದೆ. ಆ ವಿಷಯದಲ್ಲಿ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ನಾನು ಈ ಲೇಖಕರ ಹತ್ತಿರ ಬಂದದ್ದು ಹೀಗೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದಕ್ಕೆ, ಇಂಟರ್‌ನ್ಯಾಷನಲ್ ಬುಕರ್ ಬಂತಲ್ಲ. ಆ ವಾರ ಸೊಸೈಟಿಗೆ ಗೊಬ್ಬರಕ್ಕೆ ಬಂದವರೂ ‘ಬುಕರ್ ಅಂದರೆ ಎಂತದು’ ಅಂತ ಕೇಳಿದರು. ಅವರಿಗೆ ಹೇಳೋಣ ಅಂತ ನಾನು ಇನ್ನೊಂದು ಬುಕರ್ ಬಹುಮಾನದ, ಇಂಗ್ಲಿಷಿನಲ್ಲೇ ಬರೆದ ಕಾದಂಬರಿಗೆ ಕೊಡುವುದರ, ಹಳೇ ಪಟ್ಟಿ ನೋಡುತ್ತಾ ಕೂತೆ. 1989ರ ಎದುರಿಗೆ ಒಂದು ಜಪಾನಿ ಹೆಸರು ಇತ್ತು. ಕತೆ ಇಂಗ್ಲೆಂಡಿನ ದೊಡ್ಡ ಬಂಗಲೆಯ ಬಟ್ಲರ್ ಒಬ್ಬನದು ಅಂತ ಬರೆದಿತ್ತು. ಬಟ್ಲರ್ ಅನ್ನೋ ಪದ ನೋಡಿ ಅಲ್ಲೇ ನಿಂತೆ. ನಮ್ಮ ಅಪ್ಪಯ್ಯ ಐ.ಬಿ. ಮೇಟಿ, ಅಂದರೆ ಸರ್ಕಾರಿ ಇನ್‌ಸ್ಪೆಕ್ಷನ್ ಬಂಗಲೆ ನೋಡಿಕೊಂಡು, ಬಂದ ಸಾಹೇಬರಿಗೆ ಅಡುಗೆ ಮಾಡಿ ಬಡಿಸುವವರು.

ಘಟ್ಟದ ಮೇಲಿನ ಒಂದು ಐ.ಬಿ.ಯಲ್ಲಿ ಅವರು 33 ವರ್ಷ ಕೆಲಸ ಮಾಡಿದರು. 2001ರಲ್ಲಿ ರಿಟೈರ್ ಆದರು. ಹೆಂಚಿನ ಮಾಡಿನ ಹಳೇ ಕಟ್ಟಡ, ಎರಡು ಸೂಟು, ಹಿಂದೆ ಅಡುಗೆಮನೆ, ಪಕ್ಕದಲ್ಲಿ ನಮ್ಮ ಒಂದೂವರೆ ಕೋಣೆಯ ಕ್ವಾಟ್ರಸ್ಸು. ಇ.ಇ. (ಎಕ್ಸಿಕ್ಯುಟಿವ್ ಎಂಜಿನಿಯರ್) ಸಾಹೇಬರ ಕ್ಯಾಂಪು ಅಂದರೆ ಅಪ್ಪಯ್ಯ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಂಡೆಗೆ ಬೆಂಕಿ ಹಾಕುತ್ತಿದ್ದರು. ಗಾಜಿನ ಲೋಟಗಳನ್ನು ಹಳೇ ಪೇಪರಿನಲ್ಲಿ ಒರೆಸಿ ಬಾಗಿಲಿನ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬೆರಳಿನ ಗುರುತು ಕಂಡರೆ ಮತ್ತೆ ಮೊದಲಿಂದ. ಐ.ಬಿ.ಯ ಕುರ್ಚಿಯಲ್ಲಿ ಅವರು ಒಂದು ದಿನವೂ ಕೂತದ್ದನ್ನು ನಾನು ನೋಡಿಲ್ಲ. ಯಾರೂ ಇಲ್ಲದಿದ್ದಾಗಲೂ.

ಈಗ ಅವರಿಗೆ 82. ಕಣ್ಣು ಮಂಜು, ಕಿವಿ ಚೆನ್ನಾಗಿದೆ. ಇಂಗ್ಲಿಷ್ ಓದುವುದಕ್ಕೆ ಬರುವುದಿಲ್ಲ. ಸಂಜೆ ನಾನು ಓದಿದ್ದನ್ನು ಜಗಲಿಯಲ್ಲಿ ಕೂತು ಕನ್ನಡದಲ್ಲಿ ಹೇಳೋದು, ಅವರು ಕೇಳೋದು. ಹಾಗೆ ನಡೆಯಿತು ಈ ಓದು. ಅದಕ್ಕೇ ಮೊದಲು ಲೇಖಕರ ಕತೆ ಹೇಳಿದೆ. ‘ಬರೆದವನು ಯಾರು, ಯಾವ ಊರು’ ಅಂತ ತಿಳಿಯದೆ ಅಪ್ಪಯ್ಯ ಕತೆ ಕೇಳುವುದಿಲ್ಲ.

ಇಶಿಗುರೊ ಹುಟ್ಟಿದ್ದು 1954ರ ನವೆಂಬರ್ 8ರಂದು, ನಾಗಾಸಾಕಿಯಲ್ಲಿ. ಅಣುಬಾಂಬು ಬಿದ್ದು ಒಂಬತ್ತು ವರ್ಷ ಆಗಿತ್ತು. ಅವರ ಅಮ್ಮ ಶಿಜುಕೊ ಆ ಬಾಂಬಿನಿಂದ ಬದುಕಿ ಉಳಿದವರು. ಅಪ್ಪ ಶಿಜುವೊ ಸಮುದ್ರ ವಿಜ್ಞಾನಿ. ಬಿರುಗಾಳಿಗೆ ಕಡಲು ಎಷ್ಟು ಉಕ್ಕುತ್ತದೆ ಅಂತ ಮೊದಲೇ ಲೆಕ್ಕ ಹಾಕುವ ಒಂದು ಎಲೆಕ್ಟ್ರಾನಿಕ್ ಯಂತ್ರ ಕಟ್ಟಿದವರು. ಆ ಯಂತ್ರ ಈಗಲೂ ಲಂಡನ್ನಿನ ಸೈನ್ಸ್ ಮ್ಯೂಸಿಯಮ್ಮಿನಲ್ಲಿದೆ. ಮಳೆಗಾಲದಲ್ಲಿ ಶಿವಮೊಗ್ಗದ ಕೋರ್ಪಲಯ್ಯನ ಮಂಟಪ ಮುಳುಗಿತಾ ಅಂತ ನೋಡಿ ತುಂಗೆಯ ಲೆಕ್ಕ ಹಾಕುವ ನಮಗೆ ಅಂಥ ಕೆಲಸದ ಬೆಲೆ ಗೊತ್ತು. 1960ರಲ್ಲಿ ಆ ಕೆಲಸಕ್ಕೇ ಇಂಗ್ಲೆಂಡಿನಿಂದ ಕರೆ ಬಂತು. ಮಗನಿಗೆ ಆಗ ಐದು ವರ್ಷ. ಗಿಲ್‌ಫರ್ಡ್ ಅನ್ನೋ ಊರಿಗೆ ಬಂದರು. ಒಂದೆರಡು ವರ್ಷ ಅಷ್ಟೇ, ಆಮೇಲೆ ವಾಪಸು ಅನ್ನೋ ಲೆಕ್ಕ. ಆದರೆ ಪ್ರತಿ ವರ್ಷವೂ ‘ಮುಂದಿನ ವರ್ಷ ಹೋಗೋಣ’ ಅಂತ ಮುಂದಕ್ಕೆ ಹೋಯಿತು. ಅಜ್ಜನ ಮನೆಯಿಂದ ಜಪಾನಿ ಪುಸ್ತಕ, ಪತ್ರಿಕೆಗಳ ಪಾರ್ಸಲ್ ಬರುತ್ತಿತ್ತು, ಹುಡುಗ ವಾಪಸು ಬಂದಾಗ ಹಿಂದೆ ಬೀಳಬಾರದು ಅಂತ. ಹೀಗೆ ಕಾಯುತ್ತಲೇ ಅಜ್ಜ ತೀರಿಕೊಂಡರು. ಇಶಿಗುರೊ ಮತ್ತೆ ಜಪಾನ್ ನೋಡಿದ್ದು 1989ರಲ್ಲಿ.

‘ಅಜ್ಜನ್ನ ನೋಡಲೇ ಇಲ್ಲವಾ?’ ಅಂತ ಅಪ್ಪಯ್ಯ ಕೇಳಿದರು. ಇಲ್ಲ ಅಂದೆ. ಅವತ್ತು ಮುಂದಕ್ಕೆ ಕತೆ ಬೇಡ ಅಂದರು.

ಉಳಿದದ್ದನ್ನು ಮಾರನೇ ದಿನ ಹೇಳಿದೆ. ಹುಡುಗ ಮನೆಯಲ್ಲಿ ಜಪಾನಿ, ಹೊರಗೆ ಇಂಗ್ಲಿಷ್. ಚರ್ಚಿನಲ್ಲಿ ಹಾಡುತ್ತಿದ್ದ. ಗಿಟಾರ್ ಹಿಡಿದು ಹಾಡುಗಾರ ಆಗಬೇಕು ಅಂತ ಹೊರಟ, ಆಗಲಿಲ್ಲ. 1973ರಲ್ಲಿ ಸ್ಕಾಟ್ಲೆಂಡಿನ ಬಾಲ್ಮೋರಲ್‌ನಲ್ಲಿ ರಾಣಿಯ ತಾಯಿಯ ಬೇಟೆಗೆ ಹಕ್ಕಿ ಎಬ್ಬಿಸುವ ಕೆಲಸ ಮಾಡಿದ. ನಮ್ಮ ಕಡೆ ಹಳು ಸೋವೋದು ಅಂತೀವಲ್ಲ, ಅದೇ. ಕೆಂಟ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ತತ್ವಶಾಸ್ತ್ರ ಓದಿ 1978ರಲ್ಲಿ ಡಿಗ್ರಿ ಮುಗಿಸಿದ. ಆಮೇಲೆ ಲಂಡನ್ನಿನಲ್ಲಿ ಮನೆಮಠ ಇಲ್ಲದವರಿಗೆ ನೆರವಾಗುವ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದ. ಅಲ್ಲೇ ಲೋರ್ನಾ ಮೆಕ್‌ಡೂಗಲ್ ಪರಿಚಯ ಆದದ್ದು, 1986ರಲ್ಲಿ ಮದುವೆ.

ಈಗ ಹೇಳುವ ವಿಷಯ ತೀರ್ಥಹಳ್ಳಿಯವರು ತಪ್ಪದೆ ಓದಬೇಕು. 1979ರಲ್ಲಿ ಇಶಿಗುರೊ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಕತೆ ಬರೆಯುವುದನ್ನು ಕಲಿಸುವ ಎಂ.ಎ.ಗೆ ಸೇರಿದರು. ಆ ಕೋರ್ಸನ್ನು ಕಟ್ಟಿದವರಲ್ಲಿ ಒಬ್ಬರು ಮಾಲ್ಕಮ್ ಬ್ರಾಡ್‌ಬರಿ. ಅದೇ ಬ್ರಾಡ್‌ಬರಿ ಅದಕ್ಕೂ ಮುಂಚೆ, ಅರವತ್ತರ ದಶಕದಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ ನಮ್ಮ ಮೇಳಿಗೆಯ ಯು.ಆರ್. ಅನಂತಮೂರ್ತಿ ಅವರಿಗೆ ಮೇಷ್ಟ್ರು. ಇಬ್ಬರೂ ಜೊತೆಗೆ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್ನನ ಒಂದು ಸಿನಿಮಾ ನೋಡಿ ಬಂದು ಆಡಿದ ಮಾತಿನಿಂದಲೇ ‘ಸಂಸ್ಕಾರ’ ಹುಟ್ಟಿತು ಅಂತ ಅನಂತಮೂರ್ತಿಯವರೇ ಹೇಳಿಕೊಂಡಿದ್ದಾರೆ. ಅವರು ಬರ್ಮಿಂಗ್‌ಹ್ಯಾಮಿನ ಚಳಿಯಲ್ಲಿ ಕೂತು ತುಂಗೆಯ ದಡದ ಅಗ್ರಹಾರ ಬರೆದರು. ಇಶಿಗುರೊ ನಾರ್ಫೋಕಿನ ಬಕ್ಸ್‌ಟನ್ ಅನ್ನೋ ಹಳ್ಳಿಯ ಸಣ್ಣ ಕೋಣೆಯಲ್ಲಿ ಕೂತು ನಾಗಾಸಾಕಿ ಬರೆದರು. ಒಬ್ಬರೇ ಮೇಷ್ಟ್ರು ಇಬ್ಬರನ್ನೂ ನೋಡಿದ್ದಾರೆ. ಇದು ತಿಳಿದ ದಿನ ನನಗೆ ಎಷ್ಟು ಖುಷಿ ಆಯಿತು ಅಂದರೆ ಸೊಸೈಟಿಯಲ್ಲಿ ಪಕ್ಕದ ಟೇಬಲ್ಲಿನವರನ್ನು ಕರೆದು ಹೇಳಿದೆ.

ಆ ನಾಗಾಸಾಕಿ ಕತೆಯೇ 1982ರ ಮೊದಲ ಕಾದಂಬರಿ, ‘ಎ ಪೇಲ್ ವ್ಯೂ ಆಫ್ ಹಿಲ್ಸ್’. ಇಂಗ್ಲೆಂಡಿಗೆ ಬಂದು ನೆಲೆಸಿದ ಒಬ್ಬ ಜಪಾನಿ ತಾಯಿ, ಆತ್ಮಹತ್ಯೆ ಮಾಡಿಕೊಂಡ ದೊಡ್ಡ ಮಗಳು. ತಾಯಿ ಮಗಳ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ಹಳೇ ಊರಿನ ಇನ್ಯಾರದೋ ತಾಯಿ-ಮಗಳ ಕತೆ ಹೇಳುತ್ತಾಳೆ. ಕೊನೆ ಹತ್ತಿರ ಬಂದಾಗ, ಇವಳು ಹೇಳುತ್ತಿರುವುದು ತನ್ನದೇ ಕತೆ ಅಲ್ವಾ ಅಂತ ಮೈ ಝುಂ ಅನ್ನುತ್ತದೆ. ಪುಟ ಕಮ್ಮಿ, ಆದರೆ ಎರಡು ಸಲ ಓದಬೇಕು. 1986ರ ‘ಆ್ಯನ್ ಆರ್ಟಿಸ್ಟ್ ಆಫ್ ದ ಫ್ಲೋಟಿಂಗ್ ವರ್ಲ್ಡ್’ ಮುದುಕ ಚಿತ್ರಕಾರನೊಬ್ಬನದು. ಯುದ್ಧದ ಕಾಲದಲ್ಲಿ ಸರ್ಕಾರದ ಪರ ಚಿತ್ರ ಬರೆದವನು. ಈಗ ಮಗಳ ಮದುವೆ ಮಾತುಕತೆಗೆ ಆ ಹಳೇದೇ ಅಡ್ಡ ಬರುತ್ತದಾ ಅಂತ ಹೆದರುತ್ತಾನೆ. ಸಂಬಂಧ ಕೂಡಿಸುವಾಗ ಎರಡು ಮನೆಯವರು ಹೇಳದೆ ಬಿಡುವ ಮಾತುಗಳು ನಮಗೆ ಚೆನ್ನಾಗಿ ಗೊತ್ತು. ಅದಕ್ಕೇ ಈ ಪುಸ್ತಕ ನನಗೆ ಜಪಾನಿನದು ಅಂತ ಅನ್ನಿಸಲೇ ಇಲ್ಲ. ಇದಕ್ಕೆ ವಿಟ್‌ಬ್ರೆಡ್ ಬಹುಮಾನ ಬಂತು. ನನ್ನ ಎರಡನೇ ಆಯ್ಕೆ ಇದೇ.

‘ರಿಮೇನ್ಸ್’ಗೆ ಬರುತ್ತೇನೆ. 1956ರ ಜುಲೈ. ಸ್ಟೀವನ್ಸ್ ಅನ್ನೋ ಬಟ್ಲರ್ ಹೊಸ ಯಜಮಾನನ ಕಾರು ತಗೊಂಡು ಆರು ದಿನದ ಪ್ರಯಾಣ ಹೊರಡುತ್ತಾನೆ. ಹಿಂದೆ ಅದೇ ಮನೆಯಲ್ಲಿ ಕೆಲಸಕ್ಕಿದ್ದ ಮಿಸ್ ಕೆಂಟನ್‌ಳನ್ನು ನೋಡುವುದಕ್ಕೆ. ದಾರಿಯುದ್ದಕ್ಕೂ ಹಳೇದೆಲ್ಲ ಹೇಳಿಕೊಳ್ಳುತ್ತಾನೆ. ಹಳೇ ಯಜಮಾನ ನಾತ್ಸಿಗಳ ಕಡೆ ವಾಲಿದ್ದು, ಯಹೂದಿ ಅಂತ ಇಬ್ಬರು ಕೆಲಸದ ಹುಡುಗಿಯರನ್ನು ಮನೆ ಬಿಡಿಸಿದ್ದು, ಸ್ಟೀವನ್ಸ್ ಏನೂ ಮಾತಾಡದೆ ಆ ಆಜ್ಞೆ ನಡೆಸಿದ್ದು. ಅವನ ಅಪ್ಪನೂ ಅದೇ ಮನೆಯಲ್ಲಿ ಕೆಲಸಕ್ಕಿರುತ್ತಾನೆ, ಎಪ್ಪತ್ತು ದಾಟಿದ ಮೇಲೂ. ಒಂದು ದಿನ ಅತಿಥಿಗಳ ಎದುರಿಗೆ ಟ್ರೇ ಸಮೇತ ಮೆಟ್ಟಿಲ ಹತ್ತಿರ ಬೀಳುತ್ತಾನೆ. ಆಮೇಲೆ ಒಂದು ಸಂಜೆ ಮೇಲಿನ ಕಿಟಕಿಯಿಂದ ಸ್ಟೀವನ್ಸ್ ಮತ್ತು ಮಿಸ್ ಕೆಂಟನ್ ನೋಡುತ್ತಾರೆ. ಆ ಮುದುಕ ಒಬ್ಬನೇ ಅದೇ ಜಾಗದಲ್ಲಿ ಹಿಂದೆ ಮುಂದೆ ನಡೆದು ನೋಡುತ್ತಿದ್ದಾನೆ. ನೆಲದಲ್ಲಿ ಕಳೆದುಹೋದ ಒಡವೆ ಹುಡುಕುವವನ ಹಾಗೆ.

ಇದನ್ನು ಹೇಳಿದಾಗ ಅಪ್ಪಯ್ಯ ತಮ್ಮ ಕಾಲಿನ ಕಡೆ ನೋಡಿದರು. ‘ಕಲ್ಲು ಎತ್ತರ ತಗ್ಗು ಇದ್ದರೆ ಟ್ರೇ ಹಿಡಿದವನಿಗೆ ಕಾಣುವುದಿಲ್ಲ. ಕಾಲಿಗೇ ಗೊತ್ತಿರಬೇಕು,’ ಅಂದರು. ಆಮೇಲೆ ಕೂತಲ್ಲೇ ಎರಡು ಕೈ ಮುಂದೆ ಚಾಚಿ ಟ್ರೇ ಹಿಡಿದ ಹಾಗೆ ಹಿಡಿದು ತೋರಿಸಿದರು. ಮೊಣಕೈ ಪಕ್ಕೆಗೆ ಒತ್ತಿ, ಹೆಬ್ಬೆರಳು ಟ್ರೇ ಒಳಗೆ ಹೋಗದ ಹಾಗೆ ಹೊರಗೆ. ಆ ಕೈ ಈಗ ನಡುಗುತ್ತದೆ. ನಡುಗುತ್ತಿದ್ದರೂ ಹೆಬ್ಬೆರಳು ಸರಿಯಾದ ಜಾಗದಲ್ಲೇ ಇತ್ತು.

ಸ್ಟೀವನ್ಸ್ ಒಂದು ಕತೆ ಹೇಳುತ್ತಾನೆ, ತನ್ನ ಅಪ್ಪ ಯಾವಾಗಲೂ ಹೇಳುತ್ತಿದ್ದ ಕತೆ. ಇಂಡಿಯಾದಲ್ಲಿ ಒಬ್ಬ ಬಟ್ಲರ್ ಊಟದ ಮೇಜಿನ ಕೆಳಗೆ ಹುಲಿ ಮಲಗಿದ್ದು ನೋಡುತ್ತಾನೆ. ಗಾಬರಿ ಮಾಡದೆ ಬಾಗಿಲು ಹಾಕಿ, ಯಜಮಾನನ ಕಿವಿಯಲ್ಲಿ ಹೇಳಿ, ಕೋವಿ ತಗೊಂಡು ಕೆಲಸ ಮುಗಿಸಿ, ಊಟ ಹೊತ್ತಿಗೆ ಸರಿಯಾಗಿ ಬಡಿಸುತ್ತೇನೆ ಅಂತ ಬಂದು ತಿಳಿಸುತ್ತಾನೆ. ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ನಮ್ಮಲ್ಲಿ ಒಂದು ಸಲ ಕೇರೆ ಹಾವು ಬಂದಿತ್ತು,’ ಅಂದರು. ನಾನು ಕೇಳಿರದ ಕತೆ. ಮಳೆ ರಾತ್ರಿ, ಕರೆಂಟಿಲ್ಲ, ಲ್ಯಾಂಪಿನ ಬೆಳಕಿನಲ್ಲಿ ನಾಲ್ಕು ಜನ ಸಾಹೇಬರು ಊಟಕ್ಕೆ ಕೂತಿದ್ದರು. ಹಾವು ಗೋಡೆ ಬದಿಗೆ ಹರಿದು ಒಬ್ಬರ ಕುರ್ಚಿ ಹಿಂದೆ ಬಂತು. ಅಪ್ಪಯ್ಯ ಸಾರಿನ ಪಾತ್ರೆ ಕೆಳಗಿಟ್ಟು, ಹೆಗಲ ಟವೆಲ್ ಅದರ ಮೇಲೆ ಬೀಳಿಸಿ, ಟವೆಲ್ ಸಮೇತ ಎತ್ತಿಕೊಂಡು ಹಿಂದಿನ ಬಾಗಿಲಿನಿಂದ ಹೊರಗೆ ಹೋಗಿ ಬಿಟ್ಟರು. ಕೈ ತೊಳೆದು ಬಂದು ಸಾರು ಬಡಿಸಿದರು. ‘ಯಾರಿಗೂ ಗೊತ್ತಾಗಲಿಲ್ಲವಾ?’ ‘ಸಾರು ತಡ ಆಯ್ತು ಅಂತ ಒಬ್ಬರು ಬೈದರು.’ ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಅಮ್ಮನಿಗೂ ಹೇಳಿರಲಿಕ್ಕಿಲ್ಲ.

ಪುಸ್ತಕದ ನಡುಭಾಗದಲ್ಲಿ ದೊಡ್ಡವರ ಸಭೆ ನಡೆಯುತ್ತಿರುವಾಗಲೇ ಮಹಡಿಯ ಸಣ್ಣ ಕೋಣೆಯಲ್ಲಿ ಸ್ಟೀವನ್ಸ್‌ನ ಅಪ್ಪ ಸಾಯುತ್ತಾನೆ. ಮಗ ಕೆಳಗೆ ಅತಿಥಿಗಳಿಗೆ ಪಾನೀಯ ಕೊಡುತ್ತಾ ಇರುತ್ತಾನೆ. ಕಣ್ಣು ಮುಚ್ಚಿಸುವುದು ಮಿಸ್ ಕೆಂಟನ್. ಈ ಭಾಗ ನಾನು ಅಪ್ಪಯ್ಯನಿಗೆ ಹೇಳಲಿಲ್ಲ. ಹಾರಿಸಿದೆ. ಯಾಕೆ ಅಂತ ಆಮೇಲೆ ಬರೆಯುತ್ತೇನೆ.

ಇದನ್ನು ಬರೆದ ರೀತಿಯನ್ನು ಇಶಿಗುರೊ ಅವರೇ ಹೇಳಿಕೊಂಡಿದ್ದಾರೆ. 1987ರ ಬೇಸಿಗೆ. ಮೊದಲೆರಡು ಪುಸ್ತಕ ಹೆಸರು ಮಾಡಿದ ಮೇಲೆ ಕರೆಗಳು, ಊಟಗಳು, ಪ್ರಯಾಣಗಳು ಜಾಸ್ತಿ ಆಗಿ ಬರವಣಿಗೆ ನಿಂತಿತ್ತು. ಅವರು, ಲೋರ್ನಾ ಕೂತು ಒಂದು ತೀರ್ಮಾನ ಮಾಡಿದರು. ನಾಲ್ಕು ವಾರ ಬೆಳಿಗ್ಗೆ 9ರಿಂದ ರಾತ್ರಿ 10.30ರ ತನಕ ಬರೆಯುವುದು, ಸೋಮವಾರದಿಂದ ಶನಿವಾರ. ಊಟಕ್ಕೆ ಮಧ್ಯಾಹ್ನ ಒಂದು ಗಂಟೆ, ರಾತ್ರಿ ಎರಡು ಗಂಟೆ. ಫೋನ್ ಇಲ್ಲ, ಕಾಗದ ಪತ್ರ ಇಲ್ಲ. ಅಡುಗೆ, ಮನೆಗೆಲಸದಲ್ಲಿ ಅವರ ಪಾಲನ್ನೂ ಲೋರ್ನಾ ಮಾಡಿದರು. ನಾಲ್ಕು ವಾರಕ್ಕೆ ಕಾದಂಬರಿಯ ಹೆಚ್ಚುಕಮ್ಮಿ ಎಲ್ಲ ಹೂರಣ ಕಾಗದದ ಮೇಲಿತ್ತು. ಯಜಮಾನನ ಕೆಲಸ ನಡೆಯಲಿ ಅಂತ ಹಿಂದೆ ನಿಂತು ದುಡಿದವನ ಕತೆ ಬರೆಯುವಾಗ, ಮನೆಯಲ್ಲಿ ಹಾಗೆ ನಿಂತವರು ಲೋರ್ನಾ. ಪುಸ್ತಕದ ಹೊದಿಕೆಯ ಮೇಲೆ ಇದನ್ನೂ ಒಂದು ಸಾಲು ಹಾಕಬೇಕಿತ್ತು ಅಂತ ನನ್ನ ಅಭಿಪ್ರಾಯ. 1993ರಲ್ಲಿ ಇದು ಸಿನಿಮಾ ಆಯಿತು. ನಿರ್ಮಾಪಕರಲ್ಲಿ ಒಬ್ಬರು ಮುಂಬೈಯಲ್ಲಿ ಹುಟ್ಟಿದ ಇಸ್ಮಾಯಿಲ್ ಮರ್ಚೆಂಟ್. ಎಂಟು ಆಸ್ಕರ್ ನಾಮನಿರ್ದೇಶನ ಬಂತು. ಸ್ಟೀವನ್ಸ್ ಪಾತ್ರ ಮಾಡಿದ ಆಂಥನಿ ಹಾಪ್ಕಿನ್ಸ್ ಟ್ರೇ ಹಿಡಿಯುವುದನ್ನು ಅಪ್ಪಯ್ಯನಿಗೆ ಮೊಬೈಲಿನಲ್ಲಿ ತೋರಿಸಿದೆ. ತಲೆ ಆಡಿಸಿದರು.

1995ರ ‘ದಿ ಅನ್‌ಕನ್ಸೋಲ್ಡ್’ 500 ಪುಟಕ್ಕೂ ಜಾಸ್ತಿ. ಪಿಯಾನೋ ವಾದಕನೊಬ್ಬ ಒಂದು ಊರಿಗೆ ಬರುತ್ತಾನೆ, ಕನಸಿನಲ್ಲಿ ನಡೆದ ಹಾಗೆ ಎಲ್ಲವೂ ತಪ್ಪುತ್ತಾ ಹೋಗುತ್ತದೆ. ನನಗೆ ಮುಗಿಸುವುದಕ್ಕೆ ತಿಂಗಳು ಹಿಡಿಯಿತು. ಮೊದಲ ಸಲ ಓದುವವರು ಇದನ್ನು ಕೊಳ್ಳಬೇಡಿ. 2000ದ ‘ವೆನ್ ವಿ ವರ್ ಆರ್ಫನ್ಸ್’ ಶಾಂಘೈಯಲ್ಲಿ ಕಳೆದುಹೋದ ಅಪ್ಪ ಅಮ್ಮನನ್ನು ಹುಡುಕುವ ಪತ್ತೇದಾರನದು. ಶುರು ಚೆನ್ನಾಗಿದೆ, ಯುದ್ಧದ ಭಾಗದಲ್ಲಿ ನನಗೆ ನಂಬಿಕೆ ಬರಲಿಲ್ಲ.

2005ರ ‘ನೆವರ್ ಲೆಟ್ ಮಿ ಗೋ’ ಬೇರೆ ಮಾತು. ಹೇಲ್‌ಶಾಮ್ ಅನ್ನೋ ಬೋರ್ಡಿಂಗ್ ಶಾಲೆಯ ಮಕ್ಕಳು. ಚಿತ್ರ ಬರೆಯುತ್ತಾರೆ, ಜಗಳ ಆಡುತ್ತಾರೆ, ಪ್ರೀತಿ ಮಾಡುತ್ತಾರೆ. ಅವರನ್ನು ಬೆಳೆಸಿರುವುದು ಬೇರೆಯವರಿಗೆ ಅಂಗ ಕೊಡುವುದಕ್ಕೆ ಅಂತ ನಿಧಾನವಾಗಿ ತಿಳಿಯುತ್ತದೆ. ಒಬ್ಬರೂ ಓಡಿಹೋಗುವುದಿಲ್ಲ. ‘ಯಾಕೆ ಓಡಿಹೋಗಲಿಲ್ಲ’ ಅಂತ ಅನೇಕರು ಕೇಳುತ್ತಾರೆ. ಐ.ಬಿ. ಕ್ವಾಟ್ರಸ್ಸಿನಲ್ಲಿ ಬೆಳೆದ ನನಗೆ ಆ ಪ್ರಶ್ನೆ ಬರಲಿಲ್ಲ. ಬೆಲ್ ಆದರೆ ಏಳಬೇಕು ಅಂತ ಕಲಿತು ಬೆಳೆದವರು ಏಳುತ್ತಾರೆ. ಇದನ್ನು ಓದಿ ಅತ್ತೆ. ಹದಿನೆಂಟು ದಾಟಿದ ಮಕ್ಕಳಿಗೆ ಉಡುಗೊರೆ ಕೊಡಬೇಕು ಅಂದರೆ ಈ ಪುಸ್ತಕ ಕೊಡಿ.

‘ದ ಬರೀಡ್ ಜೈಂಟ್’ 2015ರದು. ಇದರ ಮೊದಲ ಪುಟಗಳನ್ನು ಓದಿ ಲೋರ್ನಾ ಇದು ಆಗಲ್ಲ ಅಂದರಂತೆ. ಇಶಿಗುರೊ ಮತ್ತೆ ಮೊದಲಿಂದ ಬರೆದರು. ಹಳೇ ಕಾಲದ ಬ್ರಿಟನ್. ದೇಶದ ಮೇಲೆ ಒಂದು ಮಂಜು ಕವಿದಿದೆ. ಆ ಮಂಜಿನಿಂದ ಎಲ್ಲರಿಗೂ ಮರೆವು. ಆಕ್ಸಲ್, ಬಿಯಾಟ್ರಿಸ್ ಅನ್ನೋ ಗಂಡ ಹೆಂಡತಿ, ಇಬ್ಬರೂ ಮುದುಕರು, ಮಗನನ್ನು ಹುಡುಕಿ ನಡೆಯುತ್ತಾರೆ. ಮಂಜು ಹೆಣ್ಣು ಡ್ರ್ಯಾಗನ್ ಒಂದರ ಉಸಿರು. ಅದನ್ನು ಕೊಂದರೆ ನೆನಪು ವಾಪಸು ಬರುತ್ತದೆ. ಆದರೆ ಹಳೇ ನೋವು, ಹಳೇ ದ್ವೇಷ ಎಲ್ಲ ಸೇರಿಯೇ ಬರುತ್ತದೆ. ಕೊಲ್ಲಬೇಕಾ, ಬಿಡಬೇಕಾ?

ಇದನ್ನು ಅಪ್ಪಯ್ಯನಿಗೆ ಹೇಳಿದ್ದು ಆಗಸ್ಟಿನಲ್ಲಿ. ಎದುರಿನ ತೋಟ ಕಾಣುತ್ತಿರಲಿಲ್ಲ, ಅಷ್ಟು ಮಂಜು. ಕೊಟ್ಟಿಗೆಯ ದೀಪ ಮಾತ್ರ ಹಳದಿ ಚುಕ್ಕೆ. ಎಂಟು ಪುಸ್ತಕದಲ್ಲಿ ಅವರಿಗೆ ಎಲ್ಲಕ್ಕಿಂತ ಇಷ್ಟ ಆದದ್ದು ಇದೇ. ಗಂಡ ಹೆಂಡತಿ ಕೈ ಹಿಡಿದು ನಡೆಯುವುದನ್ನು ಎರಡು ಸಲ ಹೇಳಿಸಿದರು. ಕೊನೆಗೆ ಅಂಬಿಗ ಇಬ್ಬರನ್ನೂ ಒಟ್ಟಿಗೆ ದಾಟಿಸುವುದಿಲ್ಲ, ಹೆಂಡತಿಯನ್ನು ಮೊದಲು ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ, ಗಂಡ ದಡಕ್ಕೆ ತಿರುಗುತ್ತಾನೆ. ನಮ್ಮ ಅಮ್ಮ ಹೋಗಿ ಆರು ವರ್ಷ.

ಉಳಿದದ್ದು ‘ಕ್ಲಾರಾ ಆ್ಯಂಡ್ ದ ಸನ್’, 2021. ಬಿಸಿಲಿನಿಂದ ನಡೆಯುವ ರೋಬೋಟ್ ಹುಡುಗಿ, ಕಾಯಿಲೆಯ ಮಗುವಿಗೆ ಜೊತೆಗಾರ್ತಿ. ಮೊದಲು ಪುಟ್ಟ ಮಕ್ಕಳ ಕತೆ ಅಂತ ಯೋಚಿಸಿದ್ದರಂತೆ. ಮಗಳು ನವೋಮಿ, ಅವರೂ ಬರೆಯುವವರು, ಇದನ್ನು ಮಕ್ಕಳಿಗೆ ಹೇಳಬೇಡ ಅಂದರಂತೆ. 2019ರಲ್ಲಿ ತೀರಿಕೊಂಡ ಅಮ್ಮನಿಗೆ ಇದನ್ನು ಅರ್ಪಿಸಿದ್ದಾರೆ. ಭಾಷೆ ಎಲ್ಲಕ್ಕಿಂತ ಸುಲಭ. ಅಷ್ಟರಲ್ಲಿ 2017ರ ನೊಬೆಲ್ ಬಂದಿತ್ತು. ಸುದ್ದಿ ಬಂದಾಗ ಸುಳ್ಳಿರಬೇಕು ಅಂದುಕೊಂಡರಂತೆ. 2018ರಲ್ಲಿ ಸರ್ ಪದವಿ. ಜಪಾನಿ ನಿರ್ದೇಶಕ ಕುರೊಸಾವಾನ ಹಳೇ ಸಿನಿಮಾ ಒಂದನ್ನು ಇಂಗ್ಲೆಂಡಿಗೆ ತಂದು ಅವರು ಬರೆದ ‘ಲಿವಿಂಗ್’ ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನವೂ ಬಂತು. ಅದು ಆಫೀಸಿನಲ್ಲಿ ಫೈಲು ಹೊರಳಿಸುತ್ತಾ ಮುದುಕನಾದ ಒಬ್ಬ ಸರ್ಕಾರಿ ಅಧಿಕಾರಿಯ ಕತೆ.

ನಾನು ಹಾರಿಸಿದ ಭಾಗದ ಮಾತು. 1988ರಲ್ಲಿ ನಾನು ಎಂಟನೇ ಕ್ಲಾಸು. ಅಮ್ಮನಿಗೆ ಶಿವಮೊಗ್ಗದಲ್ಲಿ ಆಪರೇಷನ್. ಚಿಕ್ಕಮ್ಮ, ನಾನು ಇದ್ದೆವು. ಅಪ್ಪಯ್ಯ ಸಂಜೆ ಬಸ್ಸಿಗೆ ಬರುತ್ತೇನೆ ಅಂದಿದ್ದರು, ಬರಲಿಲ್ಲ. ಐ.ಬಿ.ಗೆ ದೊಡ್ಡವರು ಬರುತ್ತಾರೆ ಅಂತ ಸುದ್ದಿ ಬಂದಿತ್ತಂತೆ. ಆ ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಬಾಗಿಲು ನೋಡುತ್ತಾ ಕೂತದ್ದು ನನಗೆ ಇವತ್ತಿಗೂ ಹಸಿ. 37 ವರ್ಷ ನಾನು ಅದನ್ನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಮಂಜಿನ ಕತೆ ಮುಗಿದು ವಾರ ಆದ ಮೇಲೆ ಒಂದು ಸಂಜೆ ಸ್ಟೀವನ್ಸ್‌ನ ಅಪ್ಪ ಸತ್ತ ಭಾಗವನ್ನು ಹೇಳಿದೆ. ಒಂದು ಮಾತೂ ಬಿಡದೆ ಹೇಳಿದೆ. ಆಮೇಲೆ ಕೇಳಿದೆ. ‘ಅಪ್ಪಯ್ಯ, ಅವತ್ತು ಯಾರು ಬಂದಿದ್ದರು?’

ಯಾವತ್ತು ಅಂತ ಅವರು ಕೇಳಲಿಲ್ಲ.

‘ಯಾರೂ ಬರಲಿಲ್ಲ ಮಗಾ. ಎಂಟು ಜನಕ್ಕೆ ಮಾಡಿದ್ದೆ. ಎರಡು ಕೋಳಿ, ಕಡುಬು. ಹನ್ನೊಂದರ ತನಕ ಲ್ಯಾಂಪು ಹಚ್ಚಿಕೊಂಡು ನಿಂತಿದ್ದೆ. ಬರಲ್ಲ ಅಂತ ಹೇಳಿ ಕಳಿಸುವುದಕ್ಕೆ ಮರೆತಿದ್ದರಂತೆ.’ ಸ್ವಲ್ಪ ಹೊತ್ತು ಬಿಟ್ಟು ಅಂದರು: ‘ಬೆಳಿಗ್ಗೆ ಆರೂವರೆ ಬಸ್ಸಿಗೆ ಬಂದೆನಲ್ಲ. ಕಡುಬು ತಂದಿದ್ದೆ. ನಿಮ್ಮಮ್ಮಂಗೆ ಕೊಡಬಾರದು ಅಂದರು. ನೀನು ನಾಲ್ಕು ತಿಂದೆ.’

ನನಗೆ ಅದು ನೆನಪೇ ಇರಲಿಲ್ಲ. ಬೆಂಚು ನೆನಪಿದೆ, ಬಾಗಿಲು ನೆನಪಿದೆ, ಕಡುಬು ಇಲ್ಲ. ಯಾವುದರಲ್ಲಿ ತಂದಿದ್ದಿರಿ ಅಂತ ಕೇಳಿದೆ.

‘ಟಿಫಿನ್ ಕ್ಯಾರಿಯರ್. ಮೂರು ಡಬ್ಬಿದು, ಹಿತ್ತಾಳೆ ಹಿಡಿ. ಐ.ಬಿ.ದು,’ ಅಂದರು. ‘ಮಾರನೇ ದಿನವೇ ತೊಳೆದು ವಾಪಸು ಇಟ್ಟೆ. ಸ್ಟಾಕ್ ರಿಜಿಸ್ಟರಿನಲ್ಲಿ ಇತ್ತಲ್ಲ.’